ಅರ್ಜಿಯಲ್ಲಿ ಅಕ್ಷರಶುದ್ಧಿ

‘ನೌಕರಿಯ ಅರ್ಜಿಯಲ್ಲಿ ಒಂದಕ್ಷರ ತಪ್ಪಿದರೇನು?’ ಎಂದು ನಾನೂ ಉದಾಸೀನನಾಗಿದ್ದೆ. ರನ್ನಕವಿಯ ಮುಧೋಳವನ್ನು ‘ಮುದೋಳ’ವೆಂದೂ ಅಭ್ಯರ್ಥಿಯನ್ನು ‘ಅಬ್ಯರ್ತಿ’ಯೆಂದೂ ನಮ್ಮಲ್ಲಿ ಹಲವರು ಬರೆಯುವುದುಂಟು. ಆಡುಮಾತಿನಲ್ಲಿ ಮಹಾಪ್ರಾಣ ಸಡಿಲುವುದೇ ಇದಕ್ಕೆ ಕಾರಣ; ಇದು ಕಿವಿಯ ದೋಷ, ಬುದ್ಧಿಯ ಕೊರತೆಯಲ್ಲ.

ಆದರೆ ಹೆಸರಿನ ತಪ್ಪು ಬೇರೆ ಬಗೆಯದು. ಜಮಖಂಡಿ, ಬೀಳಗಿ, ರಬಕವಿ, ಬನಹಟ್ಟಿಗಳನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಕೆಲವರು ನಡುವೆ ‘ಎ’ ಸೇರಿಸುತ್ತಾರೆ, ಕೆಲವರು ಬಿಡುತ್ತಾರೆ. ಊರ ಹೆಸರೇ ಅಡ್ಡಹೆಸರಾದ ನನ್ನಂಥವರಿಗೆ ಇದೇ ತೊಡಕು. ಆ ಒಂದಕ್ಷರ ಹತ್ತನೆಯ ತರಗತಿಯ ಅಂಕಪಟ್ಟಿಗೆ ಹೊಂದದೆ ನನ್ನ ಅರ್ಜಿ ತಿರಸ್ಕೃತವಾಯಿತು.

ಅರ್ಜಿ ನಮಗಿಂತ ಮೊದಲು ಕಚೇರಿ ಸೇರುತ್ತದೆ. ಅಲ್ಲಿ ನಮ್ಮ ಪರವಾಗಿ ಮಾತನಾಡುವವು ಅಕ್ಷರಗಳು ಮಾತ್ರ. ಆದುದರಿಂದ ಮಿತ್ರರೇ, ಅಂಕಪಟ್ಟಿಯನ್ನು ಎದುರಿಗಿಟ್ಟುಕೊಂಡು ಬರೆಯೋಣ. ಬಲ್ಲವರಿಂದ ಓದಿಸಿ ಕಳಿಸೋಣ.