ಎಸ್‌ಎಂಪಿಎಸ್ ಬದಲಿಸುವ ಮುನ್ನ

ಪಾಠವೋ ಆಟವೋ ನಡೆಯುತ್ತಿರುವಾಗ ಕಂಪ್ಯೂಟರ್ ಪಕ್ಕನೆ ಆಫ್ ಆಗುತ್ತದೆ. ಬಟನ್ ಒತ್ತಿದರೆ ಒಮ್ಮೆ ಆನ್ ಆಗುತ್ತದೆ, ಇನ್ನೊಮ್ಮೆ ಆಗುವುದಿಲ್ಲ. ಮಕ್ಕಳು ಹೊಸ ಕಂಪ್ಯೂಟರೇ ಬೇಕೆಂದು ಹಟ ಹಿಡಿಯುತ್ತಾರೆ. ಸ್ವಲ್ಪ ತಡೆಯಿರಿ. ಬೇರೆ ಪ್ಲಗ್ ಪಾಯಿಂಟಿಗೆ ಹಾಕಿ ನೋಡಿ, ಒಳಗಿನ ದೂಳು ತೆಗೆಸಿ. ಆಮೇಲೂ ಹಾಗೆಯೇ ಆದರೆ ತೊಂದರೆ ಎಸ್‌ಎಂಪಿಎಸ್‌ನಲ್ಲಿ ಇರುವ ಸಾಧ್ಯತೆ ಹೆಚ್ಚು. ಗೋಡೆಯಿಂದ ಬರುವ 230 ವೋಲ್ಟ್ ಕರೆಂಟನ್ನು 12, 5 ಮತ್ತು 3.3 ವೋಲ್ಟಿಗೆ ಇಳಿಸಿ ಎಲ್ಲ ಭಾಗಗಳಿಗೂ ಹಂಚುವ ಪೆಟ್ಟಿಗೆ ಅದು. ಸುಟ್ಟ ವಾಸನೆ ಬಂದಿದ್ದರೆ ಮಾತ್ರ ಏನನ್ನೂ ಪರೀಕ್ಷಿಸಬೇಡಿ, ಕೂಡಲೇ ಪ್ಲಗ್ ಕಿತ್ತುಬಿಡಿ.

ಅಂಗಡಿಯವರು ಮೊದಲು ಹೇಳುವುದು ವ್ಯಾಟ್ ಲೆಕ್ಕ. ಪೆಟ್ಟಿಗೆಯ ಮೇಲಿನ ದೊಡ್ಡಕ್ಷರ ನಂಬಿ ದುಡ್ಡು ಕೊಡಬೇಡಿ, ಪಕ್ಕದ ಚೀಟಿಯಲ್ಲಿ 12 ವೋಲ್ಟಿನ ಕೆಳಗೆ ಎಷ್ಟು ಆಂಪಿಯರ್ ಎಂದಿದೆ ನೋಡಿ. ಈಗಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್‌ಗಳು ಬಹುಪಾಲು ಶಕ್ತಿಯನ್ನು ಎಳೆಯುವುದು ಅಲ್ಲಿಂದಲೇ. 35 ಆಂಪಿಯರ್ ಇದ್ದರೆ ಹನ್ನೆರಡರಿಂದ ಗುಣಿಸಿ, 420 ವ್ಯಾಟ್ ಆಯಿತು. 450 ಎಂದು ಬರೆದದ್ದಕ್ಕೆ ಅರ್ಥವಿದೆ. ಅದೇ 450 ಎಂದು ಬರೆದು 16 ಆಂಪಿಯರ್ ಕೊಟ್ಟಿದ್ದರೆ ಅಲ್ಲಿ ಸಿಗುವುದು 192 ವ್ಯಾಟ್ ಅಷ್ಟೆ. ಅಂಥದ್ದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ತರಬೇಡಿ. ಬೇರೆಲ್ಲಾದರೂ ಉಳಿಸಿ, ಇದರಲ್ಲಿ ಬೇಡ.

ಗ್ರಾಫಿಕ್ಸ್ ಕಾರ್ಡ್ ಇಲ್ಲದ, ಓದು-ಬರಹದ ಕಂಪ್ಯೂಟರಿಗೆ ಒಳ್ಳೆಯ 450 ವ್ಯಾಟ್ ಧಾರಾಳ. ಕಾರ್ಡ್ ಇದ್ದರೆ ಅದರ ತಯಾರಕರು ಹೇಳಿದಷ್ಟನ್ನು ಪಾಲಿಸಿ. ಉದಾಹರಣೆಗೆ ಆರ್‌ಟಿಎಕ್ಸ್ 4060 ತಾನು ಬಳಸುವುದು 115 ವ್ಯಾಟ್ ಆದರೂ ಇಡೀ ಕಂಪ್ಯೂಟರಿಗೆ 550 ವ್ಯಾಟ್ ಇರಲಿ ಎನ್ನುತ್ತಾರೆ. ‘80 ಪ್ಲಸ್ ಬ್ರಾಂಜ್’, ‘ಗೋಲ್ಡ್’ ಮುದ್ರೆಗಳು ಕರೆಂಟ್ ಎಷ್ಟು ಕಡಿಮೆ ಪೋಲಾಗುತ್ತದೆ ಎಂಬುದನ್ನಷ್ಟೇ ಹೇಳುತ್ತವೆ. ಮನೆಗೆ ಬ್ರಾಂಜ್ ಸಾಕು. ಐದು ವರ್ಷದ ವಾರಂಟಿ ಇದ್ದರೆ ಇನ್ನೂ ನೆಮ್ಮದಿ.

ಕೊಳ್ಳುವ ಮೊದಲು ಕ್ಯಾಬಿನೆಟ್ ಬಿಚ್ಚಿ ಹಳೆಯದರ ಫೋಟೊ ತೆಗೆದುಕೊಳ್ಳಿ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಎಟಿಎಕ್ಸ್ ಪೆಟ್ಟಿಗೆ 150 ಮಿಲಿಮೀಟರ್ ಅಗಲ, 86 ಎತ್ತರ. ಕಂಪನಿಯಿಂದಲೇ ಜೋಡಿಸಿ ಬಂದ ಸಣ್ಣ ಕಂಪ್ಯೂಟರುಗಳಲ್ಲಿ ಅಳತೆಯೂ ಪಿನ್ನುಗಳೂ ಬೇರೆಯಿರುವುದುಂಟು.

ಜೋಡಿಸುವಾಗ ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ, ಅವರಿಗೆ ಇದು ಒಳ್ಳೆಯ ಪಾಠ. ಮುಖ್ಯವಾದ ಕಡತ, ಫೋಟೊಗಳನ್ನು ಮೊದಲೇ ಬೇರೆಡೆ ನಕಲು ಮಾಡಿಡಿ. ಪ್ಲಗ್ ಕಿತ್ತ ಮೇಲೆ ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿದರೆ ಹಳೆಯದು ಹೊರಬರುತ್ತದೆ. ಮದರ್‌ಬೋರ್ಡಿಗೆ 24 ಪಿನ್ನಿನದು, ಪ್ರೊಸೆಸರ್ ಪಕ್ಕಕ್ಕೆ ನಾಲ್ಕೋ ಎಂಟೋ ಪಿನ್ನಿನದು, ಡಿಸ್ಕಿಗೆ ಚಪ್ಪಟೆಯ ಸಾಟಾ ತಂತಿ. ಪ್ರೊಸೆಸರಿನ ಎಂಟು ಪಿನ್ನೂ ಗ್ರಾಫಿಕ್ಸ್ ಕಾರ್ಡಿನ ಎಂಟು ಪಿನ್ನೂ ನೋಡಲು ಒಂದೇ ಥರ, ಆದರೆ ಒಳಗಿನ ಸಂಪರ್ಕ ತಿರುವುಮುರುವು. ಸಲೀಸಾಗಿ ಕೂರದಿದ್ದರೆ ಒತ್ತಾಯ ಮಾಡಬೇಡಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ತಂತಿಗಳು ಬಿಡಿಬಿಡಿಯಾಗಿ ಬರುವ ಮಾದರಿಯಾದರೆ ಹಳೆಯ ತಂತಿಯನ್ನು ಹೊಸ ಪೆಟ್ಟಿಗೆಗೆ ಎಂದೂ ಚುಚ್ಚಬೇಡಿ. ಪೆಟ್ಟಿಗೆಯ ಕಡೆಯ ಪಿನ್ನುಗಳ ಕ್ರಮ ಒಂದೊಂದು ಕಂಪನಿಯದು ಒಂದೊಂದು ರೀತಿ. ತಪ್ಪು ವೋಲ್ಟೇಜ್ ಹರಿದರೆ ಹಾರ್ಡ್ ಡಿಸ್ಕ್ ಕ್ಷಣದಲ್ಲಿ ಸುಡುತ್ತದೆ.

ಹಿಂಭಾಗದಲ್ಲಿ 115/230 ಎಂಬ ಕೆಂಪು ಸ್ವಿಚ್ ಇದ್ದರೆ ಅದು 230ರಲ್ಲೇ ಇರಲಿ. ಮೂರು ಪಿನ್ನಿನ ಪ್ಲಗ್ಗನ್ನು ಅರ್ಥಿಂಗ್ ಸರಿಯಿರುವ ಪಾಯಿಂಟಿಗೇ ಹಾಕಿ.

ಕೆಟ್ಟ ಎಸ್‌ಎಂಪಿಎಸ್ ಅನ್ನು ಬಿಚ್ಚಿ ನೋಡಲು ಮಕ್ಕಳಿಗೆ ಕೊಡಬೇಡಿ, ನೀವೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪ್ಯಾಸಿಟರ್‌ನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು. ಅದನ್ನು ಹಾಗೆಯೇ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ.