ಫೈಕಸ್ ಗಿಡದ ಮಡಿಚಿದ ಎಲೆ

ಇನ್ನಂಜೆ, ಕಾಪು, ಉಡುಪಿಗಳ ಕಡೆ ಅಂದಕ್ಕಾಗಿ ಬೆಳೆಸುವ ಬೆಂಜಮಿನ್ ಫೈಕಸ್ ಗಿಡವು ನಮ್ಮ ಆಲ, ಅರಳಿ, ಅತ್ತಿಗಳ ಕುಲಕ್ಕೇ ಸೇರಿದುದು. ಇದರ ಎಳೆಯ ಎಲೆಯು ನಡುನರದ ಗುಂಟ ಮಡಿಚಿಕೊಂಡು, ಮೈಮೇಲೆ ಕೆನ್ನೀಲಿ ಚುಕ್ಕೆಗಳನ್ನು ತಳೆದಿದ್ದರೆ ನಾವು ಅದನ್ನು ಬಿಡಿಸಿ ನೋಡೋಣ. ಒಳಗೆ 2-3 ಮಿಲಿಮೀಟರ್ ಉದ್ದದ ಕಪ್ಪು ಕೀಟಗಳೂ ನಸುಹಳದಿ ಮರಿಗಳೂ ಮೊಟ್ಟೆಗಳೂ ಕಾಣುವುವು. ಇವು ಗೈನೈಕೋಥ್ರಿಪ್ಸ್ ಯೂಜೆಲಿ ಎಂಬ ಥ್ರಿಪ್ಸ್ ಜಾತಿಯವು. ಇವು ರಸವನ್ನು ಹೀರಿದಾಗ ಎಲೆಯ ಬೆಳವಣಿಗೆ ವಿಕಾರಗೊಂಡು ಈ ಮಡಿಕೆ ಉಂಟಾಗುತ್ತದೆ. ಇಂತಹ ವಿಕೃತ ಬೆಳವಣಿಗೆಗೆ ‘ಗಂಟು’ ಎಂದು ಹೆಸರು. ಅತ್ತಿಯ ಎಲೆಯ ಮೇಲಿನ ಗುಂಡುಗಂಟುಗಳಾದರೋ ಪಾರೊಪ್ಸಿಲ್ಲಾ ಡಿಪ್ರೆಸ್ಸಾ ಎಂಬ ಬೇರೊಂದು ಕೀಟದ ಕೆಲಸ.

ಮಡಿಕೆಯೇ ಥ್ರಿಪ್ಸ್‌ಗೆ ಕೋಟೆ. ಮೇಲೆ ಸಿಂಪಡಿಸಿದ ಔಷಧವು ಒಳಕ್ಕೆ ಸುಲಭವಾಗಿ ತಲುಪದು. ಥ್ರಿಪ್ಸನ್ನು ತಿನ್ನುವ ಮಾಂಟಾಂಡೋನಿಯೋಲಾ ಎಂಬ ಉಪಕಾರಿ ತಿಗಣೆಯನ್ನೇ ಕೊಂದೀತು. ಆದುದರಿಂದ ಮಡಿಚಿದ ಚಿಗುರನ್ನು ಕತ್ತರಿಸಿ, ಚೀಲದಲ್ಲಿ ಬಿಗಿದು ನಾಶಪಡಿಸುವುದೇ ಮೊದಲ ಉಪಾಯ. ಬಳಿಕ ಬರುವ ಎಳೆಚಿಗುರೇ ಕೀಟಕ್ಕೆ ಪ್ರಿಯವಾದುದರಿಂದ ಅದನ್ನು ಆಗಾಗ ಪರೀಕ್ಷಿಸುತ್ತಿರಬೇಕು.

ಅತ್ತಿಯ ಕಾಯಿಯೊಳಗಿನ ಪುಟ್ಟ ಕಣಜವನ್ನು ಮಾತ್ರ ಶತ್ರುವೆಂದು ಬಗೆಯಬಾರದು. ಅದೂ ಒಳಗಿನ ಹೂಗಳಲ್ಲಿ ಗಂಟು ಮಾಡಿಯೇ ಮರಿಗಳನ್ನು ಬೆಳೆಸುತ್ತದೆ; ಆದರೆ ಪರಾಗವನ್ನು ಹೊತ್ತು ತರುವುದೂ ಅದೇ. ಅದಿಲ್ಲದೆ ಅತ್ತಿಗೆ ಬೀಜವಿಲ್ಲ.