ಲಸಿಕೆಯ ಮಿತವ್ಯಯ

ಬೊಗಳುವ ನಾಯಿ ಕಚ್ಚುವುದಿಲ್ಲವೆಂಬ ಗಾದೆ ನಮಗೆಲ್ಲ ಗೊತ್ತಿದೆ. ಹುಚ್ಚು ಹಿಡಿದ ನಾಯಿಗೆ ಮಾತ್ರ ಗೊತ್ತಿಲ್ಲ. ನವಲಗುಂದ, ಅಣ್ಣಿಗೇರಿಗಳ ಯರಿಹೊಲಗಳಲ್ಲಾಗಲಿ, ಕಲಘಟಗಿಯ ಕಾಡಂಚಿನ ಹಳ್ಳಿಗಳಲ್ಲಾಗಲಿ ನಾಯಿಯಿಲ್ಲದ ಓಣಿಯಿಲ್ಲ. ಅದು ಕಚ್ಚಿದಾಗ ಆಸ್ಪತ್ರೆಯಲ್ಲಿ ಲಸಿಕೆ ಮುಗಿದಿದ್ದರೆ ಏನು ಗತಿ? ೨೦೧೯ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ಇಂಥ ಕೊರತೆ ಉಂಟಾಗಿತ್ತು. ರೇಬೀಸಿನ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಸಾವು ಬಹುಮಟ್ಟಿಗೆ ನಿಶ್ಚಿತ. ಆದುದರಿಂದ ಇದ್ದಷ್ಟು ಲಸಿಕೆಯನ್ನು ಬಳಸುವ ಬಗೆಯನ್ನು ವೈದ್ಯರಷ್ಟೇ ಅಲ್ಲ, ಕಲಾ ವಿದ್ಯಾರ್ಥಿಗಳಾದ ನಾವೂ ತಿಳಿದಿರಬೇಕೆಂದು ನಾನು ಭಾವಿಸುತ್ತೇನೆ.

೧೮೮೫ರ ಜುಲೈ ೬ರಂದು ಲೂಯಿ ಪಾಶ್ಚರನು ಜೋಸೆಫ್ ಮೈಸ್ಟರನೆಂಬ ಒಂಬತ್ತು ವರ್ಷದ ಬಾಲಕನಿಗೆ ಮೊದಲ ಲಸಿಕೆ ಹಾಕಿಸಿದನು. ನಮ್ಮ ಹಿರಿಯರು ಇಂದಿಗೂ ನೆನೆಸಿಕೊಂಡು ಹೆದರುವ ಹೊಟ್ಟೆಯ ಸೂಜಿಗಳು ಕುರಿಯ ಮಿದುಳಿನಿಂದ ತಯಾರಾದ ಲಸಿಕೆಯವು. ಭಾರತದಲ್ಲಿ ೨೦೦೪ರ ಕೊನೆಗೆ ಅದರ ತಯಾರಿಕೆ ನಿಂತಿತು. ಈಗಿನ ಲಸಿಕೆ ಜೀವಕೋಶಗಳಲ್ಲಿ ಬೆಳೆಸಿದ್ದು. ಶುದ್ಧವಾದುದು, ಆದರೆ ಬೆಲೆ ಹೆಚ್ಚು.

ಇನ್ನು ಲೆಕ್ಕಕ್ಕೆ ಬರೋಣ. ಸ್ನಾಯುವಿಗೆ ಚುಚ್ಚುವ ಪದ್ಧತಿಯಲ್ಲಿ ೦, ೩, ೭, ೧೪, ೨೮ನೆಯ ದಿನಗಳಂದು ಒಬ್ಬನಿಗೆ ೫ ಸೀಸೆ ಬೇಕು. ಚರ್ಮದ ಪದರಿನೊಳಗೆ ಕೊಡುವ ಪದ್ಧತಿಯಲ್ಲಿ ೦, ೩, ೭, ೨೮ನೆಯ ದಿನಗಳಂದು ಎರಡು ಕಡೆ ೦.೧ ಮಿ.ಲೀ.ನಂತೆ ಒಟ್ಟು ೦.೮ ಮಿ.ಲೀ. ಸಾಕು. ಚರ್ಮದಲ್ಲಿ ರೋಗನಿರೋಧಕ ಕೋಶಗಳು ಹೇರಳವಾಗಿರುವುದೇ ಇದಕ್ಕೆ ಕಾರಣ. ಅಷ್ಟೇ ಅಲ್ಪ ಪ್ರಮಾಣವನ್ನು ಸ್ನಾಯುವಿಗೆ ಕೊಟ್ಟರೆ ಸಾಲದು. ಐದು ಜನ ಒಂದೇ ದಿನಗಳಲ್ಲಿ ಬಂದರೆ, ಮೊದಲ ಪದ್ಧತಿಗೆ ೨೫ ಸೀಸೆ. ಎರಡನೆಯದಕ್ಕೆ, ಒಂದು ಮಿ.ಲೀ. ಸೀಸೆಯಾದರೆ, ಸುಮಾರು ೪. ಭಾರತದಲ್ಲಿ ಈ ಪದ್ಧತಿಗೆ ೨೦೦೬ರಲ್ಲಿ ಅನುಮತಿ ದೊರೆಯಿತು. ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ಸಂಸ್ಥೆಯಲ್ಲಿ ಡಾ. ಎಂ. ಕೆ. ಸುದರ್ಶನ್ ಮೊದಲಾದವರು ಇದರ ಮೇಲೆ ಸಂಶೋಧನೆ ನಡೆಸಿದ್ದಾರೆ.

ಆದರೆ ಹಳ್ಳಿಯಲ್ಲಿ ಒಂದು ತೊಡಕುಂಟು. ತೆರೆದ ಸೀಸೆಯನ್ನು ತಂಪಿನಲ್ಲಿಟ್ಟು ೬-೮ ಗಂಟೆಯೊಳಗೆ ಮುಗಿಸಬೇಕು. ಸಣ್ಣ ಆರೋಗ್ಯ ಕೇಂದ್ರಕ್ಕೆ ಒಬ್ಬನೇ ಬಂದರೆ ಉಳಿದದ್ದು ವ್ಯರ್ಥ. ಕೊರತೆಯ ಕಾಲದಲ್ಲಿ ಸುತ್ತಲಿನ ಊರವರನ್ನು ತಾಲೂಕು ಆಸ್ಪತ್ರೆಯೊಂದಕ್ಕೇ ಕಳಿಸಿದರೆ ಸೀಸೆ ಹಂಚಿಕೆಯಾಗುತ್ತದೆ. ಶಿಮ್ಲಾದಲ್ಲಿ ಡಾ. ಓಮೇಶ್ ಭಾರತಿಯವರು ೨೦೦೮ರಿಂದ ಹೀಗೆ ಹಂಚಿ ಕೊಡುವ ಕ್ರಮವನ್ನು ಬೆಳೆಸಿದರು. ೨೦೧೯ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಆದರೆ ಜನ ಕೂಡಲಿ ಎಂದು ಮೊದಲ ಸೂಜಿಯನ್ನು ಎಂದೂ ತಡಮಾಡಲಾಗದು.

ಯಾರಿಗೆ ಬೇಕು, ಯಾರಿಗೆ ಬೇಡ ಎಂಬ ವಿವೇಕವೂ ಮಿತವ್ಯಯವೇ. ಗಾಯವಿಲ್ಲದ ಚರ್ಮವನ್ನು ನಾಯಿ ನೆಕ್ಕಿದರೆ ಲಸಿಕೆ ಬೇಡ. ರಕ್ತ ಬಾರದ ತರಚುಗಾಯಕ್ಕೂ ಲಸಿಕೆ ಬೇಕು. ರಕ್ತ ಬಂದ ಕಡಿತಕ್ಕೆ ಲಸಿಕೆಯೊಡನೆ ಇಮ್ಯುನೊಗ್ಲಾಬ್ಯುಲಿನ್ ಎಂಬ ರಕ್ಷಕ ದ್ರವವನ್ನು ಗಾಯದೊಳಗೇ ಕೊಡಬೇಕು. ಅದು ವಿರಳವಾದಾಗ ತಲೆ, ಕೊರಳು, ಕೈಗಳ ಕಡಿತ, ಆಳವಾದ ಗಾಯ, ಹಲವು ಗಾಯ ಇವುಗಳಿಗೆ ಮೊದಲ ಹಕ್ಕು. ಹಿಂದೆ ಪೂರ್ಣ ಲಸಿಕೆ ಪಡೆದವರಿಗೆ ೦, ೩ನೆಯ ದಿನಗಳ ಲಸಿಕೆ ಸಾಕು. ರಕ್ಷಕ ದ್ರವ ಬೇಡ. ಚಿಕಿತ್ಸೆ ಆರಂಭಿಸಿ ನಾಯಿಯನ್ನು ೧೦ ದಿನ ನೋಡಬೇಕು; ಅದು ಆರೋಗ್ಯವಾಗಿಯೇ ಉಳಿದರೆ ಮುಂದಿನ ಸೂಜಿಗಳನ್ನು ವೈದ್ಯರು ನಿಲ್ಲಿಸಬಹುದು.

ಎಂದೂ ಕೊರತೆಯಾಗದ ಮದ್ದೊಂದಿದೆ: ಸಾಬೂನು ಮತ್ತು ನೀರು. ಗಾಯವನ್ನು ೧೫ ನಿಮಿಷ ತೊಳೆದರೆ ಬಹಳಷ್ಟು ವಿಷಾಣುಗಳು ಹೊರಹೋಗುತ್ತವೆ. ಖಾರದ ಪುಡಿ, ಸುಣ್ಣ ಹಚ್ಚುವುದು ಅಪಾಯಕರ. ವಿದ್ಯಾರ್ಥಿ ಬಂಧುಗಳೇ, ರಜೆಯಲ್ಲಿ ಊರಿಗೆ ಹೋದಾಗ ಈ ಮಾತನ್ನು ನಾಲ್ಕು ಮನೆಗಳಿಗೆ ಮುಟ್ಟಿಸಿರಿ. ತೊಳೆದ ಮೇಲೂ ಆಸ್ಪತ್ರೆಗೆ ಹೋಗಲೇಬೇಕೆಂಬುದನ್ನು ಸೇರಿಸಿ ಹೇಳಿರಿ.